ಮಡಿಕೇರಿಯ ಒಂದು ವಕೀಲರ ಕಚೇರಿ: ಪಾಸ್‌ಪೋರ್ಟ್ ತೊಡಕಿಗೆ ಸಿಕ್ಕ ಸಲಹೆ

ಕಾಫಿ ತೋಟದ ಬೇಲಿಯ ಜಗಳವೊಂದು ಕ್ರಿಮಿನಲ್ ಪ್ರಕರಣವಾಗಿ ವಿರಾಜಪೇಟೆಯಲ್ಲಿ ವಿಚಾರಣೆಗೆ ಬಾಕಿ ಇದ್ದುದರಿಂದ, ದುಬೈನಲ್ಲಿ ಕೆಲಸಕ್ಕಿರುವ ನನ್ನ ಭಾವನವರ ಪಾಸ್‌ಪೋರ್ಟ್ ನವೀಕರಣ ನಿಂತುಹೋದಾಗ ನಾವು ಈ ಕಚೇರಿಯ ಮೆಟ್ಟಿಲು ಹತ್ತಿದೆವು. ವಕೀಲರು, ಕ್ರಿಮಿನಲ್ ಪ್ರಕರಣ ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಬೇಕೆನ್ನುವ, 1967ರ ಪಾಸ್‌ಪೋರ್ಟ್ ಕಾಯ್ದೆಯ 6(2)(ಎಫ್) ಕಲಮಿನ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತೋರಿಸಿ, ಆಮೇಲೆ ಅದಕ್ಕೆ ವಿನಾಯಿತಿ ಕೊಡುವ 1993ರ ಆಗಸ್ಟ್ 25ರ ಅಧಿಸೂಚನೆಯನ್ನು ಮುಂದಿಟ್ಟರು. ಪ್ರಕರಣ ನಡೆಯುತ್ತಿರುವ ನ್ಯಾಯಾಲಯವೇ ವಿದೇಶಕ್ಕೆ ತೆರಳಲು ಅನುಮತಿ ನೀಡಿದರೆ ಪಾಸ್‌ಪೋರ್ಟ್ ಪಡೆಯಬಹುದು. ಆದರೆ ಆದೇಶದಲ್ಲಿ ಅವಧಿ ನಮೂದಾಗದಿದ್ದರೆ ಅದು ಸಿಗುವುದು ಒಂದೇ ವರ್ಷಕ್ಕೆ. ಆದ್ದರಿಂದ ಅವಧಿಯನ್ನು ಅರ್ಜಿಯಲ್ಲಿಯೇ ಕೇಳಿಕೊಳ್ಳಬೇಕೆಂಬ ಈ ಸೂಕ್ಷ್ಮವನ್ನು ನಾವು ಮೊದಲು ಹೋಗಿದ್ದ ಕಡೆ ಯಾರೂ ಹೇಳಿರಲಿಲ್ಲ.

ಪಾಸ್‌ಪೋರ್ಟ್ ಕೈಯಲ್ಲಿದ್ದರೂ ವಿಮಾನ ನಿಲ್ದಾಣದ ವಲಸೆ ಕೌಂಟರಿನಲ್ಲಿ ತಡೆಯುವ ಲುಕ್‌ಔಟ್ ಸುತ್ತೋಲೆ ಬೇರೆಯದೇ ಸಂಗತಿ ಎಂಬುದನ್ನೂ, ನ್ಯಾಯಯುತ ವಿಧಾನವಿಲ್ಲದೆ ವಿದೇಶ ಪ್ರಯಾಣದ ಹಕ್ಕನ್ನು ಕಸಿಯುವಂತಿಲ್ಲವೆಂಬ ಸುಪ್ರೀಂ ಕೋರ್ಟಿನ 1978ರ ಮೇನಕಾ ಗಾಂಧಿ ತೀರ್ಪನ್ನೂ ಅವರು ಬಿಡಿಸಿ ಹೇಳಿದ ರೀತಿ ನನಗೆ ಹಿಡಿಸಿತು. (ಭಾವನವರಿಗೆ ಮಾತ್ರ ರಜೆ ಮುಗಿಯುವ ದಿನಾಂಕದ್ದೇ ಚಿಂತೆ.)

ಶುಲ್ಕವನ್ನು ಮೊದಲೇ ತಿಳಿಸಿ ರಸೀದಿ ಕೊಟ್ಟರು. ಕೊರತೆಯೆಂದರೆ ಫೋನಿಗೆ ಸಿಗುವುದಿಲ್ಲ, ಮಳೆಗೆ ಕರೆಂಟು ಹೋದರೆ ಜೆರಾಕ್ಸ್‌ಗಾಗಿ ಅರ್ಧ ದಿನ ಬೆಂಚಿನ ಮೇಲೆ ಕಾಯಬೇಕು.