ಸಿಮೆಂಟ್, ಸಿಲಿಕೇಟ್, ಫಾಸ್ಫೇಟ್: ಫರ್ನೇಸ್ ಪ್ಯಾಚಿಗೆ ಯಾವ ಬೈಂಡರ್?

ಪುಣೆ ಬಳಿಯ ಭೋಸರಿ, ಚಾಕಣ ಕಡೆಯ ಅಲ್ಯೂಮಿನಿಯಂ ಫೌಂಡ್ರಿಗಳಲ್ಲಿರುವ ನಮ್ಮ ಕನ್ನಡದವರಿಗೆ ಮಳೆಗಾಲ ಬಂತೆಂದರೆ ಇದೇ ಪ್ರಶ್ನೆ. ಫರ್ನೇಸ್ ಬಾಗಿಲ ಹೊಸ್ತಿಲು ಸವೆದಿದೆ, ಯಾವುದರಿಂದ ತುಂಬೋಣ? 5 ಮಿ.ಮೀ.ವರೆಗಿನ ಹರಳಿರುವ ಒಂದೇ ಬಗೆಯ ಸುಟ್ಟ ಬಾಕ್ಸೈಟಿಗೆ (ಅಲ್ಯೂಮಿನಿಯಂ ಅದಿರು) ಸಿಮೆಂಟ್, ಸಿಲಿಕೇಟ್, ಫಾಸ್ಫೇಟ್ ಎಂಬ ಮೂರು ಬೈಂಡರುಗಳನ್ನೂ, ಅಂದರೆ ಹರಳನ್ನು ಹಿಡಿದಿಡುವ ಅಂಟುಗಳನ್ನು, ಬೇರೆ ಬೇರೆಯಾಗಿ ಬೆರೆಸಿ ನೋಡಿ ಹೇಳುತ್ತಿರುವುದಿದು.

ಹೈ ಅಲ್ಯೂಮಿನಾ ಸಿಮೆಂಟ್ 15%, ನೀರು ಸುಮಾರು 10%. ಕಲಸಿದ್ದನ್ನು ಉಂಡೆ ಕಟ್ಟಿ ಒಂದು ಗೇಣು ಮೇಲೆ ಎಸೆದು ಹಿಡಿಯಿರಿ. ಒಡೆದರೆ ನೀರು ಸಾಲದು, ಬೆರಳ ಸಂದಿಯಲ್ಲಿ ಇಳಿದರೆ ಹೆಚ್ಚಾಯಿತು. 24 ಗಂಟೆ ಒದ್ದೆ ಗೋಣಿ ಹೊದಿಸಿ, ಆಮೇಲೆ 110 ಡಿಗ್ರಿಯಲ್ಲಿ ಒಣಗಿಸಿ. ಅವಸರದಲ್ಲಿ ಬೆಂಕಿ ಏರಿಸಿದರೆ ಒಳಗಿನ ಹಬೆಯೇ ಲೈನಿಂಗ್ (ಫರ್ನೇಸಿನ ಒಳಪದರ) ಸಿಡಿಸುತ್ತದೆ. ಇಡೀ ಲೈನಿಂಗ್ ಹೊಸದಾಗಿ ಹಾಕುವಾಗ ಇದೇ ಸರಿ. ಆದರೆ ಅಲ್ಯೂಮಿನಿಯಂ ಕರಗಿಸಿಡುವ 700–750 ಡಿಗ್ರಿಯಲ್ಲಿ ನೀರಿನಿಂದಾದ ಬಂಧ ಕಳಚಿರುತ್ತದೆ, ಅದಕ್ಕಿಂತ ಹೆಚ್ಚು ಕಾಯಿಸಿದರೆ ಬರುವ ಬಂಧ ಇನ್ನೂ ಹುಟ್ಟಿರುವುದಿಲ್ಲ. ಸಿಮೆಂಟ್ ಪ್ಯಾಚು ಅಲ್ಲೇ ಸವೆಯುತ್ತದೆ.

ಸೋಡಿಯಂ ಸಿಲಿಕೇಟ್ ಅಗ್ಗ, ಗಾಳಿಗೇ ಗಟ್ಟಿಯಾಗುತ್ತದೆ. ಆದರೆ ಮೇಲೆ ಕೆನೆ ಕಟ್ಟಿ ಒಳಗಿನ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಸೋಡಾ ಅಂಶ ಮೆತ್ತಗಾಗಿಸುವುದರಿಂದ 1000 ಡಿಗ್ರಿ ದಾಟಿಸಬೇಡಿ. ಆಮ್ಲದ ಹೊಗೆ ಹೋಗುವ ಡಕ್ಟಿಗೆ ಒಳ್ಳೆಯದು, ಹೊಸ್ತಿಲಿಗಲ್ಲ.

ಹೊಸ್ತಿಲಿಗೆ ನಮ್ಮ ಆಯ್ಕೆ ಫಾಸ್ಫೇಟ್, ಅಂದರೆ 50% ಮೋನೋ ಅಲ್ಯೂಮಿನಿಯಂ ಫಾಸ್ಫೇಟ್ ದ್ರಾವಣ, ಒಣ ಮಾಲಿನ 8% ಸುಮಾರು. ಹಳೆಯ ಇಟ್ಟಿಗೆಗೆ ಚೆನ್ನಾಗಿ ಕಚ್ಚುತ್ತದೆ, ಲೋಹದ ಕೋಲು ಉಜ್ಜಿದರೂ ತಡೆಯುತ್ತದೆ. ಕಾಟವೆಂದರೆ ಬಾಕ್ಸೈಟಿನಲ್ಲಿ ಗಿರಣಿಯಿಂದ ಬಂದ ಕಬ್ಬಿಣದ ಪುಡಿ. ಅದಕ್ಕೆ ದ್ರಾವಣದ ಆಮ್ಲ ತಾಗಿ ಹೈಡ್ರೋಜನ್ ಹೊಮ್ಮಿ ಪ್ಯಾಚು ಬೋಂಡದಂತೆ ಉಬ್ಬುತ್ತದೆ. ಅದಕ್ಕೇ ಅರ್ಧ ದ್ರಾವಣ ಬೆರೆಸಿ, ಬೆಂಕಿಯಿಂದ ದೂರ, ಗಾಳಿಯಾಡುವಲ್ಲಿ ಸಡಿಲವಾಗಿ ಮುಚ್ಚಿ 24 ಗಂಟೆ ಇಡಿ, ಉಳಿದದ್ದನ್ನು ಮರುದಿನ ಸೇರಿಸಿ. ತೊಟ್ಟಿ ಪ್ಲಾಸ್ಟಿಕ್ಕಿನದಿರಲಿ, ಕೈಗೆ ಗ್ಲೌಸ್ ಇರಲಿ. ಸಿಮೆಂಟ್ ಮೆತ್ತಿದ ಮಿಕ್ಸರ್ ಬೇಡವೇ ಬೇಡ, ಕೈಯಲ್ಲಿರುವಾಗಲೇ ಸೆಟ್ ಆಗಿಬಿಡುತ್ತದೆ.

ಸವೆದ ಜಾಗವನ್ನು ಕನಿಷ್ಠ 50 ಮಿ.ಮೀ. ಆಳಕ್ಕೆ ಕೆತ್ತಿ, ಬಾಯಿಗಿಂತ ತಳ ಅಗಲ ಮಾಡಿ. ಅಂಚು ತೆಳುವಾದರೆ ಸಿಪ್ಪೆಯಂತೆ ಏಳುತ್ತದೆ. ಪದರ ಪದರವಾಗಿ ಗುದ್ದಿ ತುಂಬಿ, ಸಣ್ಣ ಸರಳಿನಿಂದ 150 ಮಿ.ಮೀ.ಗೊಂದು ಹಬೆ ತೂತು ಹಾಕಿ. 120 ಡಿಗ್ರಿಯಲ್ಲಿ ನಿಲ್ಲಿಸಿ ಒಣಗಿಸಿದ ಮೇಲೆ ಆರಲು ಬಿಡದೆ 350ಕ್ಕೆ ಏರಿಸಿ. 120ಕ್ಕೇ ಬಿಟ್ಟು ಮನೆಗೆ ಹೋದರೆ ಜುಲೈ ತಿಂಗಳ ಪುಣೆಯ ಗಾಳಿಯಲ್ಲಿ ತೇವ ಎಳೆದುಕೊಂಡು ಬೆಳಗ್ಗೆ ಉಗುರಿಗೆ ಕೆರೆದು ಬರುವಷ್ಟು ಮೆತ್ತಗಾಗಿರುತ್ತದೆ.