ಕಾರ್ಟೂನ್ ಫುಟ್‌ಬಾಲ್: ಮಕ್ಕಳಿಗೆ ಯಾವುದನ್ನು ಹಾಕಿಕೊಡಬೇಕು?

ಅಮೆರಿಕನ್ ಫುಟ್‌ಬಾಲನ್ನು ಮಕ್ಕಳಿಗೆಂದು ಕಾರ್ಟೂನ್ ಮಾಡಿ ತೋರಿಸುವ ನೇರಪ್ರಸಾರಗಳಲ್ಲಿ ಎರಡು ಬಗೆ. ಮಕ್ಕಳ ಚಾನೆಲ್ ನಿಕಲೋಡಿಯನ್ ನಿಜವಾದ ಪಂದ್ಯದ ಮೇಲೆಯೇ ಚಿತ್ರಗಳನ್ನು ಕೂರಿಸುತ್ತದೆ. ಕ್ರೀಡಾ ಚಾನೆಲ್ ಇಎಸ್‌ಪಿಎನ್ ಮತ್ತು ಡಿಸ್ನಿ ಇಡೀ ಪಂದ್ಯವನ್ನೇ ಅನಿಮೇಷನ್‌ಗೆ ಇಳಿಸುತ್ತವೆ. ಆಟ ಕಲಿಯಬೇಕಾದ ಮಗುವಿಗೆ ಮೊದಲು ನಿಕಲೋಡಿಯನ್‌ನದನ್ನೇ ಹಾಕಿ.

ಕಾರಣ ತಂತ್ರಜ್ಞಾನದಲ್ಲಿದೆ. 2023ರ ಅಕ್ಟೋಬರ್ 1ರಂದು ಲಂಡನ್ನಿನ ವೆಂಬ್ಲಿಯಲ್ಲಿ ಜಾಗ್ವಾರ್ಸ್ ಮತ್ತು ಫಾಲ್ಕನ್ಸ್ ತಂಡಗಳು ಆಡುತ್ತಿದ್ದಾಗ, ಅದೇ ಪಂದ್ಯ ಇಎಸ್‌ಪಿಎನ್–ಡಿಸ್ನಿ ಪ್ರಸಾರದಲ್ಲಿ 'ಟಾಯ್ ಸ್ಟೋರಿ' ಸಿನಿಮಾದ ಹುಡುಗ ಆಂಡಿಯ ಕೋಣೆಯಲ್ಲಿ ನಡೆಯಿತು. ಆಟಗಾರರ ಭುಜದ ಪ್ಯಾಡ್‌ಗಳಲ್ಲಿ ಚಿಪ್ ಇರುತ್ತದೆ, ಚೆಂಡಿನೊಳಗೂ ಇರುತ್ತದೆ. ಆಟಗಾರ ಎಲ್ಲಿದ್ದಾನೆ ಎಂಬುದನ್ನು ಚಿಪ್ ಸೆಕೆಂಡಿಗೆ 10 ಸಲ ತಿಳಿಸುತ್ತದೆ, ಕಂಪ್ಯೂಟರ್ ಅಲ್ಲಿ ಗೊಂಬೆಯನ್ನು ಓಡಿಸುತ್ತದೆ. ಹಾಗಾಗಿ ಯಾರು ಯಾವ ದಾರಿ ಹಿಡಿದರು, ರಕ್ಷಣೆಯಲ್ಲಿ ಎಲ್ಲಿ ಸಂದು ಬಿಟ್ಟಿತು ಎಂಬುದು ಟಿವಿಗಿಂತ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಚಿಪ್‌ಗೆ ಭುಜ ಗೊತ್ತು, ಕೈ ಗೊತ್ತಿಲ್ಲ. ಚೆಂಡು ಬೆರಳಿಗೆ ಸಿಕ್ಕಿತೇ, ಮಂಡಿ ಮೊದಲು ನೆಲಕ್ಕೆ ತಾಗಿತೇ ಎಂಬುದೆಲ್ಲ ಸಾಫ್ಟ್‌ವೇರ್‌ನ ಊಹೆ. ಹತ್ತು ಜನ ಒಬ್ಬನ ಮೇಲೆ ಬಿದ್ದಾಗಲಂತೂ ಗೊಂಬೆಗಳ ಕೈಕಾಲು ಒಂದರೊಳಗೊಂದು ತೂರಿಕೊಳ್ಳುತ್ತವೆ. 'ಅವನನ್ನು ಕೆಡವಿದ್ದು ಯಾರು?' ಎಂದು ಮಗು ಕೇಳಿದರೆ ತೋರಿಸಲು ಏನೂ ಇರುವುದಿಲ್ಲ.

ಆ ಪ್ರಸಾರದಲ್ಲಿ ನನಗೆ ತುಂಬ ಹಿಡಿಸಿದ್ದು ಸ್ಪ್ರಿಂಗ್ ಮೈಯ ಸ್ಲಿಂಕಿ ನಾಯಿ. ನಾಲ್ಕು ಪ್ರಯತ್ನದಲ್ಲಿ 10 ಗಜ ಮುಂದೆ ಹೋಗಬೇಕೆನ್ನುವುದೇ ಈ ಆಟದ ಜೀವಾಳ. ಅದನ್ನು ಅಳೆಯಲು ಸರಪಳಿಯ ಬದಲು ಸ್ಲಿಂಕಿ ಮೈ ಚಾಚಿ ನಿಂತದ್ದು ಸೊಗಸಾಗಿತ್ತು.

2024ರ ಡಿಸೆಂಬರ್ 9ರಂದು 'ಸಿಂಪ್ಸನ್ಸ್' ಕಾರ್ಟೂನ್ ಧಾರಾವಾಹಿಯ ಪಾತ್ರಗಳೊಂದಿಗೆ ಬಂದ ಆವೃತ್ತಿ (ಬೆಂಗಾಲ್ಸ್–ಕೌಬಾಯ್ಸ್) ಒಂದು ಮೆಟ್ಟಿಲು ಮೇಲೆ. ಕ್ರಿಕೆಟ್‌ನಲ್ಲಿ ಎಲ್‌ಬಿಡಬ್ಲ್ಯೂ ತೀರ್ಪಿಗೆ ಬಳಸುವ ಹಾಕ್-ಐ ಕ್ಯಾಮೆರಾಗಳು ಇಲ್ಲಿ ಆಟಗಾರರ ಕೈಕಾಲಿನ ಚಲನೆಯನ್ನೂ ಹಿಡಿದವು. ಈ ಎರಡು ಅನಿಮೇಷನ್‌ಗಳಲ್ಲಿ ಒಂದನ್ನು ಆರಿಸುವುದಾದರೆ ಇದನ್ನೇ ನೋಡಿ.

ನಿಕಲೋಡಿಯನ್‌ನಲ್ಲಿ ಈ ಊಹೆಯ ಗೊಡವೆಯೇ ಇಲ್ಲ, ಕಾಣುವುದು ನಿಜವಾದ ಕೈಕಾಲು. 2021ರ ಜನವರಿ 10ರ ಬೇರ್ಸ್–ಸೇಂಟ್ಸ್ ಪಂದ್ಯದಲ್ಲಿ ಟಚ್‌ಡೌನ್ ಆದಾಗ (ಚೆಂಡು ಎದುರಾಳಿಯ ಕೊನೆಯ ಗೆರೆ ದಾಟಿ ಅಂಕ ಬಂದಾಗ) ತೆರೆಯ ಮೇಲೆ ಹಸಿರು ಲೋಳೆ ಚಿಮ್ಮಿತು. ಅಂಪೈರುಗಳು ಹಳದಿ ಬಟ್ಟೆ ಎಸೆದಾಗ ಟಿವಿ ಧಾರಾವಾಹಿಯ ಜಾಣ ಹುಡುಗ ಯಂಗ್ ಶೆಲ್ಡನ್ ಬಂದು ತಪ್ಪೇನೆಂದು ವಿವರಿಸಿದ. 2024ರ ಸೂಪರ್ ಬೌಲ್‌ನಲ್ಲಿ, ಅಂದರೆ ಫೈನಲ್‌ನಲ್ಲಿ, ಆ ಕೆಲಸ ಕಾರ್ಟೂನ್ ಹುಡುಗಿ ಡೋರಾಳದು, ಕಾಮೆಂಟರಿಗೆ ಕಾರ್ಟೂನ್ ಪಾತ್ರಗಳಾದ ಸ್ಪಾಂಜ್‌ಬಾಬ್ ಮತ್ತು ಪ್ಯಾಟ್ರಿಕ್. ಎದುರಾಳಿಯನ್ನು ನಿಯಮ ಮೀರಿ ಹಿಡಿದುಕೊಳ್ಳುವ 'ಹೋಲ್ಡಿಂಗ್' ತಪ್ಪು ಎಂದರೇನೆಂದು ದೊಡ್ಡವರಿಗೂ ಅರ್ಥವಾಗುವಂತಿತ್ತು. ಒಂದೇ ಕೊರತೆ, ಅಲಂಕಾರ ಹೆಚ್ಚಾಗಿ ಕೆಲವೊಮ್ಮೆ ಆಟವೇ ಮರೆಯಾಗುತ್ತದೆ.

ನೋಡುವವರಿಗೆ ಒಂದೆರಡು ಮಾತು. ಅನಿಮೇಷನ್ ತಯಾರಾಗಿ ಬರುವಷ್ಟರಲ್ಲಿ ಅಸಲಿ ಆಟ ಮುಂದೆ ಹೋಗಿರುತ್ತದೆ. ಪಕ್ಕದ ಟಿವಿಯಲ್ಲಿ ಮಾಮೂಲಿ ಪ್ರಸಾರ ಹಾಕಿದರೆ ಟಚ್‌ಡೌನ್ ಮೊದಲೇ ಗೊತ್ತಾಗಿ ಮಗುವಿನ ಖುಷಿ ಕೆಡುತ್ತದೆ. ಗಡಿಯಾರದಲ್ಲಿ 60 ನಿಮಿಷದ ಪಂದ್ಯ ಮುಗಿಯಲು 3 ಗಂಟೆ ದಾಟುತ್ತದೆ. ನೀವು ಅಮೆರಿಕದಲ್ಲಿದ್ದು, ಸಿಂಪ್ಸನ್ಸ್ ಪಂದ್ಯದಂತೆ ಸೋಮವಾರ ರಾತ್ರಿ ಬಂದರೆ ಮೊದಲರ್ಧ ತೋರಿಸಿ ಮಲಗಿಸಿ, ಮಿಕ್ಕದ್ದನ್ನು ಮರುದಿನ ಶಾಲೆ ಮುಗಿದ ಮೇಲೆ ಹಾಕಿಕೊಡಿ.