ಸ್ಕಾಟ್ಲೆಂಡ್ ಊರುಗಳ ಹಳೆಯ ಮುದ್ರಣಗಳು: ಬಣ್ಣಕ್ಕೆಂದು ಹೆಚ್ಚು ಕೊಡಬೇಕೇ?

ಎಡಿನ್‌ಬರೋ, ವಿಕ್, ಟೋಬರ್‌ಮೋರಿಗಳ ಕೈಬಣ್ಣದ ಚಿತ್ರಗಳು ಹಳೆಯ ಮುದ್ರಣ ಮಾರುವ ಅಂಗಡಿಗಳಲ್ಲಿ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಆದರೆ ಅವೆಲ್ಲ ಒಂದೇ ದರ್ಜೆಯವಲ್ಲ.

ಮೊದಲ ಆಯ್ಕೆ ವಿಲಿಯಂ ಡೇನಿಯಲ್. ಥಾಮಸ್ ಡೇನಿಯಲ್ ಜೊತೆ 1792ರಲ್ಲಿ ಬೆಂಗಳೂರು, ಮೈಸೂರು ಸೀಮೆ ಸುತ್ತಿ ಚಿತ್ರ ಬರೆದವರು ಇವರೇ. ಬ್ರಿಟನ್ ಕರಾವಳಿಯ 308 ಅಕ್ವಾಟಿಂಟ್‌ಗಳನ್ನು (ತಗಡಿನ ಮೇಲೆ ರಾಳದ ಪುಡಿ ಹರಡಿ ಆಮ್ಲದಿಂದ ಕೊರೆದು ಅಚ್ಚೊತ್ತಿದ ಚಿತ್ರಗಳನ್ನು) ಇವರು 1814ರಿಂದ 1825ರವರೆಗೆ ಕಂತಿನಲ್ಲಿ ಹೊರತಂದರು. ಚಿತ್ರಭಾಗ ಸುಮಾರು 16×24 ಸೆಂ.ಮೀ. ಇಲ್ಲಿ ಬಣ್ಣ ಅಲಂಕಾರವಲ್ಲ, ಪ್ರಕಟಣೆಯದೇ ಭಾಗ. 10 ಪಟ್ಟು ಹಿಗ್ಗಿಸುವ ಲೂಪ್ (ಪುಟ್ಟ ಭೂತಗನ್ನಡಿ) ಇಟ್ಟು ಆಕಾಶ ನೋಡಿ: ರಾಳದ ಪುಡಿ ಬಿಟ್ಟ ಸಣ್ಣ, ಅಡ್ಡಾದಿಡ್ಡಿ ಜಾಲ ಕಾಣಬೇಕು. ಸಾಲುಗಟ್ಟಿದ ಬಣ್ಣದ ಚುಕ್ಕಿಗಳು ಕಂಡರೆ ಅದು ಇತ್ತೀಚಿನ ಆಫ್‌ಸೆಟ್ ಪ್ರತಿ, ವಾಪಸ್ ಇಟ್ಟುಬಿಡಿ.

ಎರಡನೆಯವು ಉಕ್ಕಿನ ತಗಡಿನ ಕೆತ್ತನೆಗಳು: ಶೆಪರ್ಡ್ ಬರೆದ 1829ರ ಎಡಿನ್‌ಬರೋ ನೋಟಗಳು, ಬಾರ್ಟ್‌ಲೆಟ್ ಬರೆದ 1838ರ ಸ್ಕಾಟ್ಲೆಂಡ್ ನೋಟಗಳು. ಉಕ್ಕು ಸುಲಭಕ್ಕೆ ಸವೆಯದು. ಹಾಗಾಗಿ ಪ್ರತಿಗಳು ಹೇರಳ, ಬೆಲೆ ಕಡಿಮೆ. ಇವು ಪುಸ್ತಕದಲ್ಲಿ ಕಪ್ಪು-ಬಿಳುಪಾಗಿಯೇ ಬಂದವು. ಮೇಲಿನ ಬಣ್ಣ ಬಹುಪಾಲು ಚಿತ್ರಗಳನ್ನು ಬಿಡಿಯಾಗಿ ಮಾರಲು ಪುಸ್ತಕ ಬಿಚ್ಚಿದವರು ಹಚ್ಚಿಸಿದ್ದು. ಬಣ್ಣ ಇಂಗದಂತೆ ಕಾಗದಕ್ಕೆ ಬಳಿದಿದ್ದ ಅಂಟು ಹಳೆಯ ಹಾಳೆಯಲ್ಲಿ ಸತ್ತಿರುತ್ತದೆ. ಮತ್ತೆ ಜೆಲಾಟಿನ್ ಬಳಿಯದೆ ಹಚ್ಚಿದರೆ ಬಣ್ಣ ಇಂಗಿ ಹಿಂಬದಿಯಲ್ಲಿ ಕಲೆಯಾಗುತ್ತದೆ. ತಿರುಗಿಸಿ ನೋಡದೆ ಕೊಳ್ಳಬೇಡಿ. ಕಂದು ಚುಕ್ಕೆಯ ಮೇಲೆ ಬಣ್ಣ ಕೂತಿದ್ದರೆ ಚುಕ್ಕೆ ಮೊದಲು, ಬಣ್ಣ ಆಮೇಲೆ. ಅಂಗಡಿಯ ಹತ್ತು ಊರುಗಳಿಗೂ ಒಂದೇ ನೀಲಿ ಆಕಾಶ, ಒಂದೇ ಗುಲಾಬಿ ಶಾಲು ಇದ್ದರೆ ಬಣ್ಣ ಆಮೇಲಿನದೇ, ಕೇಳುವುದೇ ಬೇಡ. ಬಾರ್ಟ್‌ಲೆಟ್ ಬೇಕೆಂದರೆ ಬಣ್ಣವಿಲ್ಲದ್ದನ್ನೇ ತೆಗೆದುಕೊಳ್ಳಿ. ಉಕ್ಕಿನ ಕೂದಲೆಳೆಯ ಗೆರೆಗಳನ್ನು ಬಣ್ಣ ಮುಚ್ಚಿಹಾಕುತ್ತದೆ, ಆ ಗೆರೆಗಳಿಗಲ್ಲವೇ ದುಡ್ಡು!

ಮೂರನೆಯವು ಸ್ಲೆಜರ್ ಎಂಬಾತನ ಸ್ಕಾಟ್ಲೆಂಡ್ ಪುಸ್ತಕ ‘ಥಿಯೇಟ್ರಮ್ ಸ್ಕೋಟಿಯೆ’ಯ ದೊಡ್ಡ ನೋಟಗಳು. ಅವುಗಳ ಚೀಟಿಯಲ್ಲಿ 1693 ಅಂತ ಇದ್ದರೂ ನಂಬಬೇಡಿ. ಆ ಪುಸ್ತಕ 1718ರಲ್ಲೂ ಆಮೇಲೂ ಮರುಮುದ್ರಣ ಕಂಡಿದೆ. ಯಾವ ಆವೃತ್ತಿಯ ಹಾಳೆ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಅಂಚು ಕತ್ತರಿಸಿ ತಗಡಿನ ಒತ್ತುಗುರುತೂ ಹೋಗಿದ್ದರೆ ಬೆಲೆ ಇಳಿಸಿ ಕೇಳಿ. ಹಳೆಯ ಮೌಂಟ್ (ಚಿತ್ರದ ಸುತ್ತ ಕೂರಿಸಿದ ರಟ್ಟು) ಬಿಚ್ಚಿಸಿಯೇ ನೋಡಿ. ಅಗ್ಗದ ರಟ್ಟಿನ ಆಮ್ಲ ಚಿತ್ರದ ಸುತ್ತ ಕಂದು ಚೌಕಟ್ಟು ಸುಟ್ಟಿರುತ್ತದೆ. ಫ್ರೇಮ್ ಹಾಕಿಸುವಾಗ ಹತ್ತಿಯ ಆಮ್ಲರಹಿತ ಬೋರ್ಡ್, ಜಪಾನಿ ಕಾಗದದ ಪಟ್ಟಿ, ಗೋಧಿ ಗಂಜಿಯ ಅಂಟು ಬಳಸಲು ಹೇಳಿ. ಸೆಲ್ಲೋಟೇಪ್ ಬೇಡವೇ ಬೇಡ. ಗಾಜು ಕಾಗದಕ್ಕೆ ತಾಗಬಾರದು, ಬಿಸಿಲು ಬೀಳುವ ಗೋಡೆಗೆ ತೂಗುಹಾಕಬಾರದು: ಡೇನಿಯಲ್‌ನ ಆಕಾಶದ ತೆಳು ಬಣ್ಣ ಒಮ್ಮೆ ಮಾಸಿದರೆ ಮರಳಿ ಬರುವುದಿಲ್ಲ.